ಬಾಯಿ ಮುಕ್ಕಳಿಸುವ ಸಿಹಿ

ಸ್ಯಾನ್ ಹೋಸೆಯಲ್ಲಿರೋ ಕನ್ನಡಿಗರಿಗೆ ವಿಯೆಟ್ನಾಮಿ ಹೋಟೆಲು ಹೊಸದೇನಲ್ಲ. ಆಫೀಸಿನವರ ಜೊತೆ ಆಗಾಗ ಫೋ ಅಂಗಡಿಗೆ ಹೋಗೋದು ಇದ್ದದ್ದೇ. ಫೋ ಅಂದ್ರೆ ಸಾಮಾನ್ಯವಾಗಿ ದನದ ಮೂಳೆಯ ಸಾರು. ನನ್ನಂಥ ಸಸ್ಯಾಹಾರಿಗೆ ಉಳಿಯೋದು ತೋಫು ಮತ್ತು ಕೊನೆಯ ಸಿಹಿ. ಮೊನ್ನೆ ಆ ಸಿಹಿಯೂ ಕೈಕೊಟ್ಟಿತು. 'ಚೆ ಬಾ ಮಾವ್', ಅಂದರೆ ಮೂರು ಬಣ್ಣದ ಚೆ: ಕೆಂಪು ಕಾಳು, ಹೆಸರುಬೇಳೆ, ಹಸಿರು ಜೆಲ್ಲಿ, ಮೇಲೆ ತೆಂಗಿನ ಹಾಲು, ಪುಡಿ ಐಸು. ಕಾಳು ಬೆಂದಿರಲಿಲ್ಲ, ತೆಂಗಿನ ಹಾಲಿಗೆ ಡಬ್ಬದ ವಾಸನೆ. ಜೊತೆಗೆ ತಂದ ಫ್ಲಾನ್ ರಬ್ಬರಿನ ಹಾಗಿತ್ತು!

ಬೇಸರಕ್ಕಿಂತ ಆಶ್ಚರ್ಯ ಜಾಸ್ತಿ ಆಯ್ತು. ಹೆಸರುಬೇಳೆ, ತೆಂಗಿನ ಹಾಲು, ಸಬ್ಬಕ್ಕಿ... ಇವೆಲ್ಲ ನಮ್ಮ ಪಾಯಸದ ಸಾಮಾನುಗಳೇ ತಾನೆ? 'ಚೆ ತ್ರೋಯ್ ನೂಕ್' ಅಂತ ಇನ್ನೊಂದಿದೆ. ಜಿಗುಟು ಅಕ್ಕಿಹಿಟ್ಟಿನ ಉಂಡೆಯೊಳಗೆ ಹೆಸರುಬೇಳೆಯ ಹೂರಣ, ಸುತ್ತ ಶುಂಠಿ ಹಾಕಿದ ಪಾಕ. ಹಸಿರು ಜೆಲ್ಲಿಗೆ ಪರಿಮಳ ಕೊಡೋ ಪಂಡಾನ್ ಎಲೆ ನಮ್ಮ ಕೇದಗೆಯ ಜಾತಿಯದು. ಇಷ್ಟು ಹತ್ತಿರದ ನೆಂಟ ಇಷ್ಟು ಸಪ್ಪೆ ಯಾಕಾದ?

ಇದಕ್ಕೆ ಇತಿಹಾಸ ಕೆದಕಬೇಕು. ಊಟದ ಕೊನೆಗೆ ತಿನ್ನೋದಕ್ಕೆ ವಿಯೆಟ್ನಾಮಿಯಲ್ಲಿ 'ತ್ರಾಂಗ್ ಮಿಯೆಂಗ್' ಅಂತಾರೆ. ಪದಶಃ ಅರ್ಥ 'ಬಾಯಿ ಮುಕ್ಕಳಿಸು'! ಅದಕ್ಕೆ ಸಾಮಾನ್ಯವಾಗಿ ಒಂದೆರಡು ಹೋಳು ಹಣ್ಣು ಸಾಕು. ಚೆ ಹಬ್ಬಕ್ಕೆ, ಹಿರಿಯರ ಎಡೆಗೆ ಮಾಡೋದು, ಇಲ್ಲವೇ ಮಧ್ಯಾಹ್ನದ ಬಿಸಿಲಲ್ಲಿ ಬೀದಿಯಲ್ಲಿ ಕೂತು ತಿನ್ನೋದು. ಅದನ್ನು ಮಾರೋರೇ ಬೇರೆ, ಫೋ ಮಾರೋರೇ ಬೇರೆ.

ಫ್ಲಾನ್ ಕಥೆ ಇನ್ನೊಂದು. 1859ರಲ್ಲಿ ಫ್ರೆಂಚರು ಸೈಗಾನ್ ಹಿಡಿದರು, 1954ರಲ್ಲಿ ದಿಯೆನ್ ಬಿಯೆನ್ ಫುನಲ್ಲಿ ಸೋತರು. ನಡುವಿನ ಆ ಕಾಲದಲ್ಲಿ ಬಂದದ್ದು ಅವರ ಕ್ಯಾರಮೆಲ್ ಕಡುಬು. ಆದರೆ ಹೈನು ಅಲ್ಲಿನವರ ರೂಢಿಯಲ್ಲಿರಲಿಲ್ಲ, ಸೆಕೆಗೆ ಹಾಲು ನಿಲ್ಲೋದೂ ಇಲ್ಲ. ಹಾಗಾಗಿ ಡಬ್ಬದ ಗಟ್ಟಿ ಸಿಹಿಹಾಲು ಅವರ ಕಾಫಿಗೂ ಬಂತು, ಫ್ಲಾನಿಗೂ ಬಂತು. ಅಭಾವಕ್ಕೆ ಸೇರಿದ ಡಬ್ಬ ಕೊನೆಗೆ ರುಚಿಯೇ ಆಗಿಹೋಯ್ತು.

1975ರ ಏಪ್ರಿಲ್ 30ಕ್ಕೆ ಸೈಗಾನ್ ಬಿತ್ತು. ಆ ವರ್ಷವೇ ಸುಮಾರು 1,25,000 ಜನ ಅಮೆರಿಕಕ್ಕೆ ಬಂದರು. ಆಮೇಲಿನ ವರ್ಷಗಳಲ್ಲಿ ದೋಣಿಗಳಲ್ಲಿ ಜೀವ ಕೈಯಲ್ಲಿ ಹಿಡಿದು ಹೊರಟವರು ಲಕ್ಷಾಂತರ, ಸಮುದ್ರದಲ್ಲೇ ಉಳಿದವರೂ ಬಹಳ. ಅತ್ತ ದೇಶದಲ್ಲೇ ಉಳಿದವರಿಗೆ 1986ರ ಸುಧಾರಣೆಯವರೆಗೂ ಸಕ್ಕರೆಯೂ ರೇಷನ್ನು. ಇಲ್ಲಿಗೆ ಬಂದವರಲ್ಲಿ ಎಷ್ಟೋ ಕುಟುಂಬಗಳು ಸಣ್ಣ ಹೋಟೆಲು ಇಟ್ಟು ಬದುಕು ಕಟ್ಟಿಕೊಂಡವು. ಊರಲ್ಲಿ ಬೇರೆಬೇರೆ ಕೈಗಳು ಮಾಡುತ್ತಿದ್ದ ಫೋ, ಚೆ, ಫ್ಲಾನ್ ಇಲ್ಲಿ ಒಂದೇ ಮೆನುವಿಗೆ ಬಂದವು. ಒಂದೇ ಅಡುಗೆಮನೆ, ಒಂದೇ ಕೈ. ಸಾರಿಗೆ ರಾತ್ರಿಯಿಡೀ ಒಲೆ ಉರಿಸೋ ಕೈಗೆ ತೆಂಗಿನಕಾಯಿ ತುರಿಯೋ ಪುರುಸೊತ್ತು ಎಲ್ಲಿಂದ ಬರಬೇಕು?

ಇದೇ ಊರಲ್ಲಿ ಚೆಯನ್ನೇ ನಂಬಿರೋ ಅಂಗಡಿಗಳಿವೆ, ಅಲ್ಲಿನ ರುಚಿಯೇ ಬೇರೆ. ನಾವೂ ಹಾಗೇ ಅಲ್ವಾ? ದರ್ಶಿನಿಯಲ್ಲಿ ಇಡ್ಲಿ ಚೆನ್ನಾಗಿದೆ ಅಂತ ಅಲ್ಲೇ ಕಾಯಿ ಹೋಳಿಗೆ ತಿಂದು 'ಕನ್ನಡಿಗರ ಸಿಹಿ ಇಷ್ಟೇನಾ' ಅಂತ ಯಾರಾದರೂ ಅಂದರೆ ಸುಮ್ಮನಿರ್ತೀವಾ? :)

ನಿಮ್ಮೂರಲ್ಲಿ ಒಳ್ಳೆ ಚೆ ಎಲ್ಲಾದರೂ ತಿಂದಿದ್ರೆ ಬರೆದು ತಿಳಿಸಿ.