ಕಾವಲು ಯಾರದು, ಹೊಣೆ ಯಾರದು?

2024ರ ಅಕ್ಟೋಬರ್ ಕೊನೆಯಲ್ಲಿ ನ್ಯಾಮತಿಯ ಭಾರತೀಯ ಸ್ಟೇಟ್ ಬ್ಯಾಂಕ್ ಶಾಖೆಗೆ ಕನ್ನ ಬಿತ್ತು. ಕಳ್ಳರು ಕಿಟಕಿಯ ಸರಳು ಕತ್ತರಿಸಿ ಒಳಹೊಕ್ಕು, ಅಲಾರಂ ತಂತಿ ತುಂಡರಿಸಿ, ಕ್ಯಾಮೆರಾದ ದೃಶ್ಯಗಳು ದಾಖಲಾಗುವ ಡಿವಿಆರ್ ಅನ್ನೇ ಹೊತ್ತೊಯ್ದರು. ಹೋಗುವಾಗ ಖಾರದ ಪುಡಿಯನ್ನೂ ಎರಚಿದ್ದರು. ಕಳುವಾದದ್ದು ಸುಮಾರು 17.7 ಕಿಲೊ ಚಿನ್ನ, ಜನ ಸಾಲಕ್ಕೆ ಅಡವಿಟ್ಟ ಒಡವೆ. ಐದು ತಿಂಗಳ ನಂತರ ದಾವಣಗೆರೆ ಜಿಲ್ಲಾ ಪೊಲೀಸರು ಆರು ಜನರನ್ನು ಬಂಧಿಸಿದರು. ಬಹುಪಾಲು ಚಿನ್ನ ತಮಿಳುನಾಡಿನ ಮದುರೈ ಜಿಲ್ಲೆಯ ಬಾವಿಯೊಂದರಲ್ಲಿ ಸಿಕ್ಕಿತು.

ಆಮೇಲೆ ನಮ್ಮ ಕಡೆ ಮನೆಗಳಲ್ಲಿಯೂ ಅಲಾರಂನ ಮಾತು ಶುರುವಾಯಿತು. ಜಗಳೂರಿನಲ್ಲಿ ನೆಂಟರ ಮನೆಗೆ ಹೋದಾಗ ಇದೇ ಚರ್ಚೆ. ಗಂಟೆ ಎಲ್ಲಿ ಬಾರಿಸಬೇಕು? ಪೊಲೀಸ್ ಠಾಣೆಯಲ್ಲೋ, ದೂರದ ಯಾವುದೋ ಖಾಸಗಿ ಕಂಪನಿಯ ಕಂಟ್ರೋಲ್ ರೂಮಿನಲ್ಲೋ? ಇತಿಹಾಸದ ವಿದ್ಯಾರ್ಥಿನಿಯಾದ ನನಗೆ ಈ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಕಂಡಿತು. ಕಾವಲು ತಪ್ಪಿದಾಗ ನಷ್ಟ ತುಂಬುವವರು ಯಾರು?

ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ. ಜಗಳೂರಿನವು ಹನ್ನೊಂದನೆಯದರಲ್ಲಿ. ನ್ಯಾಮತಿ ಆಗ ಹೊನ್ನಾಳಿಗೇ ಸೇರಿತ್ತು. ಈ ಸೀಮೆಯ ವೀರಗಲ್ಲುಗಳನ್ನು ನಾವು ಸಾಮಾನ್ಯವಾಗಿ ಶೌರ್ಯದ ಕತೆಯಾಗಿ ಓದುತ್ತೇವೆ. ಆದರೆ ತುರುಗೊಳ್ ಎಂದರೆ ದನಗಳ ಕಳ್ಳತನ, ಅದನ್ನು ತಡೆಯುತ್ತ ಸತ್ತವನು ಊರಿನ ಕಾವಲಿಗೆ ನಿಂತವನು. ಅವನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ನೆತ್ತರುಕೊಡಗೆ ಎಂಬ ಹೆಸರಿತ್ತು. ಕಾಯುವವನ ಪ್ರಾಣಕ್ಕೆ ಊರು ಬೆಲೆ ಕಟ್ಟಬೇಕು ಎಂಬ ಒಪ್ಪಂದ ಆ ಹೆಸರಿನಲ್ಲೇ ಇದೆ.

ಕಳುವಾದ ವಸ್ತುವಿನ ಹೊಣೆಯ ಬಗ್ಗೆಯೂ ಹಳಬರು ಯೋಚಿಸಿದ್ದರು. ಕಳ್ಳರು ಒಯ್ದದ್ದನ್ನು ರಾಜ ಪ್ರಜೆಗೆ ಮರಳಿ ಕೊಡಬೇಕು, ಕೊಡದಿದ್ದರೆ ಪಾಪ ಅವನದು ಎನ್ನುತ್ತದೆ ಯಾಜ್ಞವಲ್ಕ್ಯ ಸ್ಮೃತಿ. ಅದಕ್ಕೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು, ಅಂದರೆ ನಮ್ಮ ನಾಡಿನವನೇ. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಕೂಡ ಇಂಥದ್ದನ್ನೇ ದಾಖಲಿಸುತ್ತಾನೆ. ದಾರಿಯಲ್ಲಿ ದರೋಡೆಯಾದರೆ ಆ ಪ್ರಾಂತ್ಯದ ನಾಯಕ ಕಳ್ಳನನ್ನು ಹಿಡಿಯಬೇಕು, ಇಲ್ಲದಿದ್ದರೆ ಅವನ ಆಸ್ತಿಗೇ ಕುತ್ತು. ರಾಜಧಾನಿಯ ಕಳವುಗಳಿಗೆ ಅಲ್ಲಿನ ಕಾವಲಿನ ಮುಖ್ಯಸ್ಥ ಉತ್ತರ ಕೊಡಬೇಕಿತ್ತು.

ಹಾಗೆಂದು ಹಳೆಯ ಕಾಲವನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಹಳ್ಳಿಗಳಲ್ಲಿ ರಾತ್ರಿ ಗಸ್ತು ತಿರುಗುತ್ತಿದ್ದವರು ತಳವಾರ ಮತ್ತು ತೋಟಿ. ಕಾವಲು ಅವರಿಗೆ ಹುಟ್ಟಿನಿಂದ ಬಂದ ಚಾಕರಿ. ಇನಾಮಿನ ತುಂಡು ಹೊಲ, ಸುಗ್ಗಿಯಲ್ಲಿ ಕಣದಿಂದ ಒಂದಿಷ್ಟು ಕಾಳು, ಇಷ್ಟೇ ಪ್ರತಿಫಲ. ಶಾಸ್ತ್ರದಲ್ಲಿ ರಾಜನ ಮೇಲಿದ್ದ ಹೊಣೆ ಹಳ್ಳಿಗೆ ಇಳಿಯುವಷ್ಟರಲ್ಲಿ ಎಲ್ಲರಿಗಿಂತ ಬಡವನ ಹೆಗಲೇರಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಈ ವಂಶಪಾರಂಪರ್ಯವನ್ನು ಮುರಿದದ್ದು ಒಳ್ಳೆಯದೇ ಆಯಿತು. ತಳವಾರ ಎಂಬ ಪದ ಈಗ ಉಳಿದಿರುವುದು ಅಡ್ಡಹೆಸರುಗಳಲ್ಲಿ ಮತ್ತು ಜಾತಿ ಪ್ರಮಾಣಪತ್ರಗಳಲ್ಲಿ. 2020ರಲ್ಲಿ ಅದು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ನಾಯಕ ಸಮುದಾಯದ ಪರ್ಯಾಯ ಹೆಸರಾಗಿ ಸೇರಿತು.

ಅಷ್ಟರಲ್ಲಾಗಲೇ ಕಾವಲು ಸರ್ಕಾರದ ಇಲಾಖೆಯಾಗಿತ್ತು. ಬ್ರಿಟಿಷ್ ಇಂಡಿಯಾದ 1861ರ ಪೊಲೀಸ್ ಕಾಯ್ದೆಯಿಂದ ಬೆಳೆದ ವ್ಯವಸ್ಥೆ ಕಳ್ಳನನ್ನು ಹುಡುಕುತ್ತದೆ, ಸಿಕ್ಕ ಮಾಲನ್ನು ನ್ಯಾಯಾಲಯದ ಮೂಲಕ ಹಿಂತಿರುಗಿಸುತ್ತದೆ. ಸಿಗದಿದ್ದರೆ ನಷ್ಟ ಕಳೆದುಕೊಂಡವನದೇ. ಕಾವಲು ಮತ್ತು ಹೊಣೆ ಬೇರೆಯಾದದ್ದು ಇಲ್ಲಿ.

ಅಲಾರಂ ವ್ಯಾಪಾರ ಅಮೆರಿಕದಲ್ಲಿ 1850ರ ದಶಕದಲ್ಲೇ ಆರಂಭವಾಯಿತು. ಕಂಪನಿ ತಿಂಗಳ ಶುಲ್ಕ ಪಡೆಯುವುದು, ಗಂಟೆ ಬಾರಿಸಿದರೆ ಪೊಲೀಸರು ಓಡುವುದು ಅಲ್ಲಿ ರೂಢಿಯಾಯಿತು. ಬಹುಪಾಲು ಕರೆಗಳು ಸುಳ್ಳಾಗಿರುತ್ತಿದ್ದವು. ಕೊನೆಗೆ 2000ದಲ್ಲಿ ಸಾಲ್ಟ್ ಲೇಕ್ ಸಿಟಿಯ ಪೊಲೀಸರು ಹೊಸ ನಿಯಮ ತಂದರು. ಕಂಪನಿಯ ಕಾವಲುಗಾರ ಮೊದಲು ಹೋಗಿ ನೋಡಲಿ, ನಿಜವೆಂದು ಖಚಿತವಾದರೆ ನಾವು ಬರುತ್ತೇವೆ ಎಂದರು. ಲಾಭ ಯಾರಿಗೋ ಮೊದಲ ಓಟವೂ ಅವರಿಗೇ ಎಂಬುದು ಅದರ ತಾತ್ಪರ್ಯ.

ನಮ್ಮಲ್ಲಿ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಪರವಾನಗಿ, ತರಬೇತಿ, ಸಮವಸ್ತ್ರಗಳ ಬಗ್ಗೆ ನಿಯಮ ಮಾಡಿದೆ. ಆದರೆ ಹೊಣೆಯನ್ನು ಹಣದಲ್ಲಿ ಅಳೆದದ್ದು ಕಾಣಬೇಕಾದರೆ ರಿಸರ್ವ್ ಬ್ಯಾಂಕಿನ ಲಾಕರ್ ನಿಯಮ ನೋಡಬೇಕು. 2022ರ ಜನವರಿಯಿಂದ, ಕಳವಾದರೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ ಬ್ಯಾಂಕು ಹೊಣೆ. ಎರಡು ಸಾವಿರ ಬಾಡಿಗೆಗೆ ಎರಡು ಲಕ್ಷ. ಒಳಗಿಟ್ಟ ಒಡವೆಗೆ ಇದು ಸಾಲದಿರಬಹುದು. ಆದರೂ ಬಾಡಿಗೆ ಪಡೆದವನು ಕೈ ತೊಳೆದುಕೊಳ್ಳುವಂತಿಲ್ಲ ಎಂಬ ಮಾತು ಕಾಗದದ ಮೇಲೆ ಬಂತು.

ಆದ್ದರಿಂದ ನನ್ನ ಉತ್ತರ ಇಷ್ಟು. ಅಲಾರಂ ನೋಡಿಕೊಳ್ಳುವ ಕೆಲಸ ಕಂಪನಿಯೇ ಮಾಡಲಿ. ಊರಿನ ಠಾಣೆಯ ನಾಲ್ಕಾರು ಪೇದೆಗಳು ಹಣ ಕೊಟ್ಟವರ ಮನೆಯ ಗಂಟೆಗೇ ಓಡುತ್ತಿದ್ದರೆ, ಅಲಾರಂ ಇಲ್ಲದ ಓಣಿಯ ಬೀಟ್ ತಪ್ಪುತ್ತದೆ. ಆದರೆ ಗಂಟೆ ಬಾರಿಸದಿದ್ದಾಗ ಎಷ್ಟು ತುಂಬಿಕೊಡುತ್ತೀರಿ ಎಂಬ ಸಾಲು ಕಂಪನಿಯ ಕರಾರಿನಲ್ಲಿ ಇರಲೇಬೇಕು. ಆ ಹೊಣೆ ಬಾಗಿಲಲ್ಲಿ ನಿಂತ ಕಾವಲುಗಾರನ ಸಂಬಳದಿಂದ ಕಡಿತವಾಗಬಾರದು. ಕಳ್ಳತನವಾದ ಮರುದಿನ ಮೊದಲು ಅನುಮಾನಕ್ಕೆ ಗುರಿಯಾಗುವವನು ಈಗಲೂ ಅವನೇ. ತಳವಾರನಿಗೆ ಮಾಡಿದ್ದನ್ನು ಅವನಿಗೂ ಮಾಡುವುದು ಬೇಡ.

ನೆಂಟರ ಮನೆಯವರು ಇನ್ನೂ ತೀರ್ಮಾನಿಸಿಲ್ಲ. ಸದ್ಯಕ್ಕೆ ಊರಿಗೆ ಹೋಗುವಾಗ ಬೀಗದ ಕೈಯನ್ನು ಎದುರು ಮನೆಯ ಅಜ್ಜಿಗೆ ಕೊಟ್ಟು ಹೋಗುತ್ತಾರೆ.