ಕಿಟೆಲ್ ಕಾದ ನಲವತ್ತೊಂದು ವರ್ಷ

‘ಹೋಪ್’ ಅನ್ನೋದಕ್ಕೆ ಕನ್ನಡದಲ್ಲಿ ಏನಂತೀರಿ? ಆಸೆ, ಭರವಸೆ ಅಂತ ತಕ್ಷಣ ಹೊಳೆಯಬಹುದು. ಕನ್ನಡ ಬೈಬಲ್ ಓದುವ ಮನೆಯಲ್ಲಿ ಬೆಳೆದಿದ್ದರೆ ‘ನಿರೀಕ್ಷೆ’ ಅಂತೀರಿ. ನಿರೀಕ್ಷೆ ಅಂದರೆ ಎದುರುನೋಡೋದು, ದಾರಿ ಕಾಯೋದು. ಹಾಗಾಗಿ ಕನ್ನಡದಲ್ಲಿ ಈ ಪದ ಹೇಳಿದ ಕೂಡಲೇ ತಾಳ್ಮೆಯೂ ಅದರೊಳಗೆ ಬಂದುಬಿಡುತ್ತೆ. ಸಂತ ಪೌಲ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಹೇಳುವುದೂ ಹೆಚ್ಚುಕಡಿಮೆ ಇದನ್ನೇ: ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪಳಗಿದ ಮನಸ್ಸು, ಅದರಿಂದ ನಿರೀಕ್ಷೆ.

ಈ ಸರಪಳಿಯನ್ನು ಬದುಕಿನಲ್ಲಿ ನೋಡಬೇಕು ಅಂದ್ರೆ ಫರ್ಡಿನಾಂಡ್ ಕಿಟೆಲ್ ಅವರನ್ನು ನೋಡಿ. ನಮ್ಮಲ್ಲಿ ಬಹಳ ಜನಕ್ಕೆ ಅವರು ‘ನಿಘಂಟು ಬರೆದ ಜರ್ಮನ್’ ಮಾತ್ರ. ಆದರೆ ಅವರು ಬಂದದ್ದು ನಿಘಂಟು ಬರೆಯೋಕಲ್ಲ.

1832ರಲ್ಲಿ ಉತ್ತರ ಜರ್ಮನಿಯ ಪಾದ್ರಿಯೊಬ್ಬರ ಮನೆಯಲ್ಲಿ ಹುಟ್ಟಿದ ಕಿಟೆಲ್, 1850ರಲ್ಲಿ ಬಾಸೆಲ್ ಮಿಷನ್ ಸೇರಿದರು. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಶುರುವಾದ ಈ ಸಂಸ್ಥೆಯ ಬೇರು ಪಯೆಟಿಸಂ ಎಂಬ ಭಕ್ತಿ ಪಂಥದಲ್ಲಿದೆ. ಬರೀ ಚರ್ಚಿಗೆ ಹೋದರೆ ಸಾಲದು ಅನ್ನುತ್ತಿದ್ದವರು ಅವರು. ದಿನಾ ಬೈಬಲ್ ಓದಬೇಕು, ಪ್ರಾರ್ಥಿಸಬೇಕು, ತನ್ನ ಮನಸ್ಸನ್ನು ತಾನೇ ಪರೀಕ್ಷಿಸಿಕೊಳ್ಳಬೇಕು, ಕೈಯಿಂದ ದುಡಿಯಬೇಕು. ಅವರ ದೃಷ್ಟಿಯಲ್ಲಿ ನಂಬಿಕೆ ಒಂದೇ ದಿನ ಪೂರ್ತಿಯಾಗುವಂಥದ್ದಲ್ಲ, ದಿನದಿನವೂ ಬೆಳೆಸಬೇಕಾದದ್ದು.

1853ರಲ್ಲಿ ಅವರು ಭಾರತಕ್ಕೆ ಬಂದರು. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಅಂತ ಮುಂದಿನ ವರ್ಷಗಳು ಕಳೆದವು. ಒಂದು ವಿಷಯವನ್ನು ಮುಚ್ಚಿಡೋದು ಬೇಡ: ಅವರು ಬಂದದ್ದು ಕ್ರಿಸ್ತನನ್ನು ಸಾರಲು, ಜನರನ್ನು ಆ ನಂಬಿಕೆಗೆ ಕರೆಯಲು. ಇದು ನಿಮಗೆ ಇಷ್ಟವಾಗದೇ ಇರಬಹುದು. ಆದರೆ ಇದನ್ನು ಬಿಟ್ಟರೆ ಅವರ ಕನ್ನಡದ ಕೆಲಸವೂ ಅರ್ಥವಾಗಲ್ಲ. ಒಬ್ಬರ ದೇವರ ಬಗ್ಗೆ ಮಾತಾಡಬೇಕಾದರೆ ಅವರ ಭಾಷೆಯ ಒಳಗೆ ಹೋಗಬೇಕು ಅನ್ನೋದು ಅವರಿಗೆ ಗೊತ್ತಿತ್ತು. 1862ರಲ್ಲಿ ಯೇಸುವಿನ ಕಥೆಯನ್ನು ಕನ್ನಡದ್ದೇ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ತಂದರು.

ಕಷ್ಟವೂ ಬಂತು. 1860ರಲ್ಲಿ ಮದುವೆಯಾಗಿದ್ದ ಪೌಲೀನ್ 1864ರಲ್ಲೇ ತೀರಿಕೊಂಡರು. ಆಮೇಲೆ ಕಿಟೆಲ್ ಆಕೆಯ ಸಹೋದರಿ ಯೂಲಿಯನ್ನು ಮದುವೆಯಾದರು. ಕೆಲಸ ನಿಲ್ಲಲಿಲ್ಲ. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರ ಅವರ ಸಂಪಾದನೆಯಲ್ಲಿ ಬಂದವು. ಕೇಶಿರಾಜ ಜೈನರು. ಕ್ರೈಸ್ತ ಪಾದ್ರಿಯೊಬ್ಬ ಅವರ ಅಕ್ಷರ ಅಕ್ಷರ ಹಿಡಿದು ಓದುತ್ತಾ ಕೂತಿದ್ದ ಅನ್ನೋದನ್ನು ಒಮ್ಮೆ ಯೋಚಿಸಿ.

1877ರಲ್ಲಿ ಜರ್ಮನಿಗೆ ಮರಳಿದರು. ಅಲ್ಲಿಗೇ ಮುಗಿಸಬಹುದಿತ್ತು. ಆದರೆ ಐವತ್ತು ದಾಟಿದ ಮೇಲೆ, 1883ರಲ್ಲಿ, ನಿಘಂಟಿಗಾಗಿ ಮತ್ತೆ ಹಡಗು ಹತ್ತಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅದನ್ನು ಪ್ರಕಟಿಸಿತು. ಸುಮಾರು 70,000 ಪದ, 1,700ಕ್ಕೂ ಹೆಚ್ಚು ಪುಟ. ಅಷ್ಟರಲ್ಲಿ ಅವರು ಜರ್ಮನಿಗೆ ವಾಪಸ್ ಹೋಗಿಯಾಗಿತ್ತು. ಮೊದಲು ಬಂದ ವರ್ಷದಿಂದ ಲೆಕ್ಕ ಹಾಕಿದರೆ 41 ವರ್ಷ.

ನಾನು ದಿನವೂ ಡೇಟಾ ಜೊತೆ ಕೆಲಸ ಮಾಡುವವನು. ಹಾಗಾಗಿ ಈ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸೋದು ಗಾತ್ರ ಅಲ್ಲ, ಶಿಸ್ತು. ಪದ ಯಾವ ಕಾವ್ಯದಲ್ಲಿದೆ, ಮೈಸೂರು ಕಡೆಯದೋ ಧಾರವಾಡದ ಕಡೆಯದೋ, ಸಂಸ್ಕೃತದಿಂದ ಬಂದದ್ದೋ ಇಲ್ಲಿಯದೇನೋ ಅಂತ ಗುರುತು ಹಾಕಿದ್ದಾರೆ. ಜನರ ಬಾಯಲ್ಲಿದ್ದ ಗಾದೆಗಳನ್ನೂ ಸೇರಿಸಿದ್ದಾರೆ. ಕನ್ನಡ ಬಲ್ಲ ವಿದ್ವಾಂಸರು ಜೊತೆಗೆ ಕೂತು ನೆರವಾದರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಹೀಗೆ ಪದಕ್ಕೊಂದು ಗುರುತು ಹಾಕುತ್ತಾ ಹೋಗಬೇಕಾದರೆ ಮನುಷ್ಯನಿಗೆ ಬರೀ ಬುದ್ಧಿ ಸಾಕಾಗಲ್ಲ. ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಕೂತು ಅಭ್ಯಾಸವಾದವನಿಗೆ, ಫಲ ಕಾಣದೆ ಇದ್ದರೂ ಮತ್ತೆ ಕೂರೋದು ಗೊತ್ತಿರುತ್ತೆ ಅಂತ ನನಗನ್ನಿಸುತ್ತೆ.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಅವರ ನಿರೀಕ್ಷೆ ಈಡೇರಿತಾ? ಕನ್ನಡನಾಡು ಕ್ರೈಸ್ತ ನಾಡಾಗಲಿಲ್ಲ. ಆದರೆ ಬೆಂಗಳೂರಿನಲ್ಲಿ ಅವರ ಪ್ರತಿಮೆ ನಿಲ್ಲಿಸಿದವರಲ್ಲಿ, ಇವತ್ತು ಅವರ ನಿಘಂಟು ತೆರೆಯುವವರಲ್ಲಿ, ಹೆಚ್ಚಿನವರು ಅವರ ಧರ್ಮದವರಲ್ಲ. ಬಿತ್ತಿದ್ದು ಒಂದು, ಬೆಳೆದದ್ದು ಇನ್ನೊಂದು ಅಂತ ನಾವು ಹೇಳಬಹುದು. ಬಿತ್ತೋದಷ್ಟೇ ನನ್ನ ಪಾಲು, ಬೆಳೆಸೋದು ದೇವರ ಪಾಲು ಅಂತ ನಂಬುವವರಿಗೆ ಇದರಲ್ಲಿ ಸೋಲೇನೂ ಕಾಣಲಿಕ್ಕಿಲ್ಲ.

ನೀವು ಈಗಷ್ಟೇ ಕನ್ನಡ ಕಲಿಯುತ್ತಿದ್ದರೆ, ಕಿಟೆಲ್ ಕೂಡ ಒಂದು ಕಾಲಕ್ಕೆ ‘ಅ, ಆ’ ತಿದ್ದಿದವರೇ ಅಂತ ನೆನಪಿಟ್ಟುಕೊಳ್ಳಿ. ನಿಘಂಟಿನ ಹಳೆಯ ಮುದ್ರಣ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತೆ. ನಿಮ್ಮ ಅಜ್ಜಿ ಮಾತ್ರ ಬಳಸುವ ಒಂದು ಪದವನ್ನು ಅದರಲ್ಲಿ ಹುಡುಕಿ ನೋಡಿ. ಸಿಕ್ಕರೆ ಅಜ್ಜಿಗೆ ಫೋನ್ ಮಾಡಿ ಹೇಳಿ.