ಹಳದಿ ದೀಪ ಯಾರಿಗಾಗಿ?

ಗಾಡಿ ಚೆನ್ನಾಗೇ ಓಡ್ತಿದೆ. ಪಿಕಪ್ ಇದೆ, ಮೈಲೇಜೂ ಇದೆ. ಆದರೂ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಆಕಾರದ ಹಳದಿ ದೀಪ. ‘ಏನೂ ಆಗಿಲ್ಲ ಸಾರ್, ಬರೀ ಸೆನ್ಸರ್ ಪ್ರಾಬ್ಲಂ’ ಅನ್ನೋ ಮೆಕ್ಯಾನಿಕ್ ನಿಮಗೂ ಸಿಕ್ಕಿರ್ತಾನೆ. ಏನೂ ಆಗದಿದ್ರೆ ದೀಪ ಯಾಕೆ ಹತ್ತಿತು? ಇದಕ್ಕೆ ಉತ್ತರ ಹುಡುಕಿಕೊಂಡು ಲಾಸ್ ಏಂಜಲೀಸ್‌ವರೆಗೆ ಹೋಗಬೇಕು.

1943ರ ಜುಲೈ. ಮಹಾಯುದ್ಧ ನಡೀತಿದ್ದ ಹೊತ್ತು. ಒಂದು ದಿನ ಆ ಊರಿನ ಮೇಲೆ ದಟ್ಟ ಮಬ್ಬು ಕವಿದು ಜನರ ಕಣ್ಣು, ಗಂಟಲು ಉರಿಯತೊಡಗಿದವು. ಜಪಾನಿನವರು ವಿಷಾನಿಲ ಬಿಟ್ಟರೇನೋ ಅಂತ ಹೆದರಿದವರಿದ್ದರು. ಯುದ್ಧ ಮುಗಿದರೂ ಮಬ್ಬು ಮುಗಿಯಲಿಲ್ಲ. ಅದರ ಗುಟ್ಟು ಬಿಡಿಸಿದವರು ಕ್ಯಾಲ್‌ಟೆಕ್‌ನಲ್ಲಿ ಅನಾನಸಿನ ಪರಿಮಳದ ಮೇಲೆ ಕೆಲಸ ಮಾಡ್ತಿದ್ದ ಆರೀ ಹಾಗೆನ್-ಸ್ಮಿಟ್. (ಅನಾನಸ್ ಬಿಟ್ಟು ಹೊಗೆ ಮೂಸಲು ಹೊರಟ ಪುಣ್ಯಾತ್ಮ!) ಅರೆಬೆಂದ ಪೆಟ್ರೋಲಿನ ಆವಿ, ನೈಟ್ರೋಜನ್ ಆಕ್ಸೈಡುಗಳು ಬಿಸಿಲಿಗೆ ಸಿಕ್ಕರೆ ಓಝೋನ್ ಹುಟ್ಟುತ್ತೆ, ಕಣ್ಣುರಿಗೆ ಮೂಲ ಕಾರುಗಳೇ ಅಂತ 1950ರ ದಶಕದಲ್ಲಿ ತೋರಿಸಿದರು. 1967ರ ಕಾನೂನಿನಿಂದ ಕ್ಯಾಲಿಫೋರ್ನಿಯಾದಲ್ಲಿ ವಾಯು ಮಂಡಳಿ ಬಂತು, ಮೊದಲ ಅಧ್ಯಕ್ಷರೂ ಅವರೇ.

1975ರ ಮಾಡೆಲ್‌ಗಳಿಂದ ಅಮೆರಿಕದ ಕಾರುಗಳ ಹೊಗೆಕೊಳವೆಗೆ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿತು. ಹೊಸ ಕಾರು ಟೆಸ್ಟ್ ಪಾಸಾಗುತ್ತೆ, ಸರಿ. ನಾಲ್ಕು ವರ್ಷ ಓಡಿದ ಮೇಲೆ? ಕನ್ವರ್ಟರ್ ಸತ್ತರೂ ಓಡಿಸೋನಿಗೆ ಹೆಚ್ಚೇನೂ ಗೊತ್ತಾಗಲ್ಲ, ಗೊತ್ತಾಗೋದು ಫುಟ್‌ಪಾತಿನಲ್ಲಿ ನಡೆಯೋರ ಶ್ವಾಸಕೋಶಕ್ಕೆ. ಹಾಗಾಗಿ ಕಾರು ತನ್ನ ಮೇಲೆ ತಾನೇ ದೂರು ಕೊಡಬೇಕು ಅಂತ ಮಂಡಳಿ ನಿಯಮ ಮಾಡಿತು. ಕ್ಯಾಲಿಫೋರ್ನಿಯಾದಲ್ಲಿ 1988ರ ಮಾಡೆಲ್‌ಗಳಿಂದ ಶುರುವಾಗಿ, 1996ಕ್ಕೆ ಸುಧಾರಿತ ಒಬಿಡಿ-2 ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಬಂತು. ಸ್ಟೇರಿಂಗ್ ಕೆಳಗಿರೋ 16 ಪಿನ್ನಿನ ಸಾಕೆಟ್ ಅದರದ್ದೇ.

ಕನ್ವರ್ಟರಿನ ಮುಂದೊಂದು, ಹಿಂದೊಂದು ಆಕ್ಸಿಜನ್ ಸೆನ್ಸರ್. ಮುಂದಿನದರ ರೀಡಿಂಗ್ ಸದಾ ಕುಣೀತಿರುತ್ತೆ, ಹಿಂದಿನದು ಹೆಚ್ಚುಕಮ್ಮಿ ನೆಟ್ಟಗಿರಬೇಕು. ಎರಡೂ ಒಂದೇ ತಾಳಕ್ಕೆ ಕುಣಿದ್ರೆ ಕನ್ವರ್ಟರ್ ಕೆಲಸ ಮಾಡ್ತಿಲ್ಲ ಅಂತ ಅರ್ಥ, ಕೋಡ್ ಪಿ0420. ಒಂದು ಸಲ ಕಂಡಿದ್ದಕ್ಕೇ ಗಲಾಟೆ ಮಾಡಲ್ಲ, ಸಾಮಾನ್ಯವಾಗಿ ಎರಡನೇ ಓಡಾಟದಲ್ಲೂ ಕಂಡರೆ ದೀಪ. ದೀಪ ಮಿಟುಕಿದ್ರೆ ಮಾತ್ರ ಗಾಡಿ ನಿಲ್ಲಿಸಿ: ಮಿಸ್‌ಫೈರ್ ಆಗಿ ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅದನ್ನೇ ಸುಡ್ತಿರುತ್ತೆ.

ಕೋಡ್ ಬರೆಯೋ ನನಗೆ ಈ ಅಲರ್ಟ್ ಇಷ್ಟ. ಇದನ್ನು ಬರೆದದ್ದು ಯೂಸರ್‌ಗಲ್ಲ, ಪಕ್ಕದಲ್ಲಿ ಉಸಿರಾಡೋರಿಗೆ. ಆದರೆ ಇಂಥ ಕಾವಲುಗಾರನೂ ಮೋಸಹೋಗ್ತಾನೆ. 2015ರಲ್ಲಿ ಫೋಕ್ಸ್‌ವ್ಯಾಗನ್‌ನ ಡೀಸೆಲ್ ಕಾರುಗಳ ಸಾಫ್ಟ್‌ವೇರ್ ಟೆಸ್ಟ್ ನಡೀತಿರೋದನ್ನ ಗುರುತಿಸಿ ಆಗ ಮಾತ್ರ ಸಭ್ಯವಾಗಿರ್ತಿತ್ತು ಅಂತ ಬಯಲಾಯ್ತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರು, ಯಾವುದರಲ್ಲೂ ಅದಕ್ಕೆ ದೀಪ ಹತ್ತಲಿಲ್ಲ. ಸುಳಿವು ಸಿಕ್ಕಿದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರು ಕಾರಿಗೇ ಉಪಕರಣ ಕಟ್ಟಿ ರಸ್ತೆಗಿಳಿದಾಗ.

ಬಿಎಸ್-4 ಕಾಲದಲ್ಲಿ ಈ ವ್ಯವಸ್ಥೆ ನಮ್ಮ ಕಾರುಗಳಿಗೂ ಬಂತು. ಸ್ಕ್ಯಾನರ್ ಚುಚ್ಚಿ ಕೋಡ್ ಅಳಿಸಿದ್ರೆ ದೀಪವೇನೋ ಆರುತ್ತೆ. ಕನ್ವರ್ಟರ್ ಸತ್ತಿದ್ರೆ ಸ್ವಲ್ಪ ದಿನಕ್ಕೆ ಮತ್ತೆ ಹತ್ತುತ್ತೆ. ಅಳಿಸೋ ಮುಂಚೆ ನಂಬರೊಂದನ್ನ ಬರೆದುಕೊಡಪ್ಪಾ ಅಂತ ಮೆಕ್ಯಾನಿಕ್‌ಗೆ ಹೇಳಿ.